ಬಿಸಿಲು ಹಲಗೆಗೆ ಅವ್ವ ಇಟ್ಟ ಬೊಟ್ಟು

ಹಾಲೆಂಡಿನಿಂದ ಬಂದ ಮೇಲೆ ಮಳವಳ್ಳಿಯಲ್ಲಿ ನಾನು ಪಾಠ ಮಾಡುವ ಶಾಲೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ಹೂವಿನ ಹೊಲ ನೋಡಿದಿರಾ, ಗಾಳಿಗಿರಣಿ ನೋಡಿದಿರಾ? ಗಾಳಿಗಿರಣಿ ಬಸ್ಸಿನ ಕಿಟಕಿಯಿಂದ ಕಂಡಿತು. ಹೂವಿನ ಕಾಲ ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಹಾಗಾದರೆ ಅಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ, ನಾನೂ ನಮ್ಮವ್ವನೂ ಸೇರಿ ಒಂದು ಹಾಯಿದೋಣಿಗೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ ಆರಿಸಿದೆವು ಎನ್ನಬೇಕು. ನಮ್ಮ ಹೆಡ್‌ಮೇಷ್ಟ್ರು ಇದನ್ನು ಕೇಳಿ, ಬಿಸಿಲು ಹುಡುಕಿಕೊಂಡು ಮಂಡ್ಯ ಜಿಲ್ಲೆಯವರು ಯುರೋಪಿಗೆ ಹೋಗಬೇಕಾಯಿತೇ ಎಂದು ನಕ್ಕರು. ನಗಲಿ. ನಡೆದದ್ದು ಅದೇ.

ಮಾರಿಕೆ ಎಂಬ ಡಚ್ ಹುಡುಗಿ ಈ ಎಪ್ಪತ್ತರ ದಶಕದ ಮೊದಲಲ್ಲಿ, ಮಕ್ಕಳ ಪೌಷ್ಟಿಕ ಆಹಾರದ ಕೆಲಸಕ್ಕೆಂದು ನಮ್ಮೂರು ಕೊತ್ತತ್ತಿಗೆ ಬಂದು ನಮ್ಮ ಮನೆಯ ಮಹಡಿಯಲ್ಲಿ ಎರಡು ವರ್ಷ ಇದ್ದಳು. ಊರಿನವರ ಬಾಯಲ್ಲಿ ಅವಳು ಮಾರಕ್ಕ. ಕನ್ನಡವನ್ನು ಅವಳು ಪುಸ್ತಕದಿಂದ ಕಲಿಯಲಿಲ್ಲ, ಅವ್ವನ ಪಕ್ಕ ಕೂತು ಹಿಟ್ಟು ತೊಳಸುತ್ತ ಕಲಿತಳು. ಹಾಗಾಗಿ ಅವಳ ಕನ್ನಡ ನನ್ನದಕ್ಕಿಂತ ಹೆಚ್ಚು ಕೊತ್ತತ್ತಿಯದು. ಕಾಮಾಲೆ ಬಂದು ಮಲಗಿದಾಗ ಅವ್ವ ಅವಳನ್ನು ಮಗಳಂತೆ ನೋಡಿಕೊಂಡಿದ್ದಳು. ಆ ಋಣಕ್ಕೆ ಅವಳ ತಂದೆತಾಯಿ ನಮ್ಮಿಬ್ಬರಿಗೂ ಟಿಕೆಟ್ ಕಳಿಸಿಬಿಟ್ಟರು. ಕಬ್ಬು, ದನ ಎರಡನ್ನೂ ಅಪ್ಪನಿಗೆ ಒಪ್ಪಿಸಿ, ನಾನು ಶಾಲೆಗೆ ರಜೆ ಹಾಕಿ, ಇಬ್ಬರೂ ಹೊರಟೆವು.

ವಿಮಾನ ನಿಲ್ದಾಣ

ಕಸ್ಟಮ್ಸ್‌ನವನು ನಾವು ಹಾಲೆಂಡಿನಲ್ಲಿ ಇಳಿದ ಕೂಡಲೇ ಅವ್ವನ ಚೀಲ ಬಿಚ್ಚಿದ. ಮೇಲೆಯೇ ರಾಗಿ ಹಿಟ್ಟಿನ ಗಂಟು. ಬಣ್ಣ ನೋಡಿ ಅವನ ಹುಬ್ಬು ಮೇಲೇರಿತು. ನಾನು ಇದು ಒಂದು ಧಾನ್ಯದ ಹಿಟ್ಟು, ನಾವು ದಿನಾ ತಿನ್ನುವುದು ಎಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ನಾನು ವಿವರಿಸಿದಷ್ಟೂ ಅವನ ಅನುಮಾನ ಬಲವಾಯಿತು.

ಅವ್ವನಿಗೆ ತಾಳ್ಮೆ ಕಡಿಮೆ. ಒಂದು ಚಿಟಿಕೆ ಹಿಟ್ಟು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು, ಇನ್ನೊಂದು ಚಿಟಿಕೆ ಅವನ ಮುಂದೆ ಹಿಡಿದಳು. "ತಿನ್ನಪ್ಪ, ಏನೂ ಆಗಾಕಿಲ್ಲ. ನಿನ್ನಂಗೆ ನನ್ಗೂ ಒಬ್ಬ ಮಗ ಅವ್ನೆ," ಅಂದಳು. ಅವನು ಬೆರಳ ತುದಿಯಿಂದ ಮುಟ್ಟಿ ನಾಲಿಗೆಗೆ ತಾಗಿಸಿ ಮುಖ ಕಿವುಚಿ, ಹೋಗಿ ಎಂದು ಕೈ ಬೀಸಿದ. ಕೆಳಗಿದ್ದ ಅರಿಶಿನ ಕುಂಕುಮದ ಪೊಟ್ಟಣಗಳನ್ನು ಅವನು ನೋಡಲೇ ಇಲ್ಲ. ನೋಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಏರಿಯ ಕೆಳಗಿನ ಊರು

ಮಾರಿಕೆಯ ಊರು ಒಂದು ದೊಡ್ಡ ಒಳಸಮುದ್ರದ ದಂಡೆಯಲ್ಲಿದೆ. ದಂಡೆ ನಮ್ಮ ಕೆರೆ ಏರಿಯಂಥದೇ, ಆದರೆ ಕಣ್ಣು ಹಾಯುವ ತನಕ ಇದೆ. ಅದರ ಒಂದು ಕಡೆ ನೀರು, ಇನ್ನೊಂದು ಕಡೆ ಮನೆ, ದನ, ಹುಲ್ಲುಗಾವಲು. ನೀರು ಮೇಲೆ, ಊರು ಕೆಳಗೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಮನೆಗಳ ಸೂರಿನ ಆಚೆ, ಸೂರಿಗಿಂತ ಎತ್ತರದಲ್ಲಿ, ಬಿಳಿ ಹಾಯಿಗಳು ಹೋಗುವುದು ಕಾಣುತ್ತಿತ್ತು.

"ಏರಿ ಒಡುದ್ರೆ ಇವ್ರ ಗತಿ ಏನೇ?" ಅಂದಳು ಅವ್ವ.

"ಒಡಿಯಕ್ಕೆ ಬುಡಾಕಿಲ್ಲ ಕಣವ್ವ. ಅದ್ನ ಕಾಯಕ್ಕೇ ಜನ ಅವ್ರೆ," ಎಂದು ಮಾರಿಕೆ ಧೈರ್ಯ ಹೇಳಿದಳು. ಅವ್ವ ನಂಬಲಿಲ್ಲ. ಮೊದಲ ನಾಲ್ಕಾರು ದಿನ ಚೀಲವನ್ನು ಬಿಚ್ಚದೆ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಅಲ್ಲಿನ ಹೊತ್ತೂ ಅವ್ವನಿಗೆ ಹೊಂದಲಿಲ್ಲ. ಅದು ಜೂನ್ ತಿಂಗಳು. ರಾತ್ರಿ ಊಟ ಮುಗಿದರೂ ಹಿತ್ತಲಲ್ಲಿ ಬಿಸಿಲು. ದೀಪ ಹಚ್ಚುವ ಹೊತ್ತು ಯಾವಾಗ ಬರುತ್ತದೆಂದು ಕಾಯ್ದು ಕಾಯ್ದು, ಕೊನೆಗೆ ಕಿಟಕಿಯ ಪರದೆ ಎಳೆದು ಕತ್ತಲು ಮಾಡಿಕೊಂಡು ದೀಪ ಹಚ್ಚುತ್ತಿದ್ದಳು. ಇನ್ನು ಕಾಫಿ. ಯಾರ ಮನೆಗೆ ಹೋದರೂ ಕಾಫಿಯ ಜೊತೆಗೆ ಬಿಸ್ಕತ್ತಿನ ಡಬ್ಬ ಬರುತ್ತದೆ. ತಲೆಗೊಂದು ಬಿಸ್ಕತ್ತು ತೆಗೆದುಕೊಂಡ ಕೂಡಲೇ ಡಬ್ಬ ಮುಚ್ಚುತ್ತಾರೆ. "ನಮ್ಮ ಕಣ್ಣೆದ್ರುಗೇ ಮುಚ್ಚುಬುಟ್ಲು ಕಣೆ ಜಯಾ," ಎಂದು ಅವ್ವ ದಾರಿಯುದ್ದಕ್ಕೂ ಹೇಳಿಕೊಂಡಳು. ಅವರು ಜಿಪುಣರಲ್ಲ, ಅದು ಅಲ್ಲಿನ ರೂಢಿ. ನಮ್ಮಲ್ಲಿ ಬೇಡ ಬೇಡ ಎಂದರೂ ಎಲೆಗೆ ಸುರಿಯುವುದನ್ನು ಕಂಡಾಗ ಮಾರಿಕೆಗೆ ಏನನ್ನಿಸಿತ್ತೋ ಏನೋ.

ಮಾರಿಕೆಯ ಗಂಡ ಯಾನ್ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಕಡಿಮೆ. ಊಟವಾದ ಮೇಲೆ ಪಾತ್ರೆಯೆಲ್ಲ ಅವನೇ ತೊಳೆಯುತ್ತಾನೆ. ಗಂಡಸು ಪಾತ್ರೆ ತೊಳೆಯುವುದನ್ನು ಕಂಡು ಅವ್ವ ಮೊದಲ ದಿನ ನಾಚಿಕೆಯಿಂದ ಮುಖ ತಿರುಗಿಸಿದಳು. ಮೂರನೆಯ ದಿನ ತಾನೇ ತಳ ಹತ್ತಿದ ಪಾತ್ರೆಯನ್ನು ಅವನ ಕೈಗೆ ಕೊಟ್ಟು ಬಂದಳು.

ದೋಣಿಕಟ್ಟೆ

ಮಾರಿಕೆಯ ದೋಣಿಯ ಹೆಸರು ಗೌರಿ. ಕೊತ್ತತ್ತಿಯಲ್ಲಿ ಅವಳಿಗೆ ಹಾಲು ಕೊಟ್ಟ ನಮ್ಮ ಹಸುವಿನ ಹೆಸರನ್ನೇ ಇಟ್ಟಿದ್ದಾಳೆ. ಅವ್ವನಿಗೆ ಕಣ್ಣಲ್ಲಿ ನೀರು ಬಂತು. ಅವಳು ದೋಣಿಯ ಪಕ್ಕೆಯನ್ನು ತಟ್ಟಿ, ಸೀರೆ ಎತ್ತಿಕಟ್ಟಿ, ಮಾರಿಕೆಯ ಭುಜ ಹಿಡಿದು ಹತ್ತಿಯೇಬಿಟ್ಟಳು. ನಾನೂ ಹತ್ತಿದೆ. ಯಾನ್ ಮಾತ್ರ ಕಟ್ಟೆಯ ಅಂಚಿನಲ್ಲಿ ಕೈ ಕಟ್ಟಿಕೊಂಡು ನಿಂತ.

ಅವನು ಯಾಕೆ ಬರುವುದಿಲ್ಲ ಎಂದು ಕೇಳಿದೆ. ಮಾರಿಕೆ ಕನ್ನಡದಲ್ಲೇ ಹೇಳಿದಳು.

"ಓದ್ ವರ್ಸ ಮಂಜು ಬಿದ್ದಿತ್ತು ಕಣೆ. ನಾನು ಒಳ್ಗೆ ಮಲ್ಗಿದ್ದೆ. ಇವ್ನು ಚುಕ್ಕಾಣಿ ಇಡ್ಕೊಂಡಿದ್ದ. ಬ್ಯಾಟ್ರಿ ಬರ್ದಾಗಿ ಕಂಬದ ಮ್ಯಾಲಿನ ದೀಪ ಆರೋಯ್ತು. ಮರಳು ಒತ್ಕೊಂಡು ಬತ್ತಿದ್ದ ದೊಡ್ಡ ದೋಣಿಗೆ ನಾವು ಕಾಣ್ನೇ ಇಲ್ಲ. ಎಷ್ಟು ಅತ್ರ ಬಂತು ಅಂದ್ರೆ, ಅದ್ರಲ್ಲಿ ಒಣಗಾಕಿದ್ದ ಬಟ್ಟೆಲ್ಲಾ ಇವ್ನಿಗೆ ಕಾಣಿಸ್ತಂತೆ. ಮಗೀನ ಕುಲಾವಿ ಕೂಡ. ಅವತ್ತಿಂದ ಇವ್ನು ಗೌರಿ ಮ್ಯಾಲೆ ಕಾಲಿಕ್ಕಿಲ್ಲ. ನನ್ನೂ ಒಬ್ಳೇ ಓಗಕ್ಕೆ ಬುಡಲ್ಲ."

ಗೌರಿಯ ಪುಟ್ಟ ಎಂಜಿನ್ನಿಗೆ ಬ್ಯಾಟರಿ ತುಂಬಿಸುವ ಡೈನಮೋ ಇಲ್ಲ. ಹಾಗಾಗಿ ದೋಣಿಯನ್ನು ಮಾರಿಬಿಡೋಣ ಎಂಬುದು ಯಾನ್‌ನ ಹಟ. ಪಕ್ಕದ ಊರಿನ ಹಲ್ಲಿನ ಡಾಕ್ಟರೊಬ್ಬರು ಶನಿವಾರ ನೋಡಲು ಬರುವವರಿದ್ದರು. ಮಾರಿಕೆ ಜಗಳವಾಡಿ ಒಂದು ಅವಕಾಶ ಕೇಳಿಕೊಂಡಿದ್ದಳು: ಬಿಸಿಲಿನಿಂದ ಬ್ಯಾಟರಿ ತುಂಬಿಸುವ ಹಲಗೆಗಳು ಈಗ ದೋಣಿಗಳಿಗೂ ಬಂದಿವೆ, ಅದನ್ನು ಹಾಕಿ ನೋಡೋಣ. ಯಾನ್ ಒಪ್ಪಿದ, ಆದರೆ ಷರತ್ತು ಹಾಕಿದ. ಬ್ಯಾಟರಿಯನ್ನು ಅವನೇ ಹೆಚ್ಚುಕಡಿಮೆ ಬರಿದು ಮಾಡಿಕೊಡುತ್ತಾನೆ. ಅದನ್ನು ಬಿಸಿಲೊಂದೇ ತುಂಬಿಸಬೇಕು. ಶುಕ್ರವಾರ ಸಂಜೆ ಹಚ್ಚಿದ ದೀಪ ಶನಿವಾರ ಬೆಳಗ್ಗೆ ಅವನು ಬಂದಾಗಲೂ ಉರಿಯುತ್ತಿರಬೇಕು. ಆರಿದ್ದರೆ ದೋಣಿ ಡಾಕ್ಟರಿಗೆ.

"ನಾನು ನಡಿಯಕ್ಕೆ ಕಲ್ತಿದ್ದೇ ದೋಣಿ ಮ್ಯಾಲೆ," ಅಂದಳು ಮಾರಿಕೆ. "ಗೌರಿ ಓದ್ರೆ ನನ್ನ ಕಾಲೇ ಓದಂಗೆ ಕಣವ್ವ. ಜಯಾ, ನೀನು ಸೈನ್ಸು ಯೇಳ್ಕೊಡೋಳು. ನನ್ಗೆ ಇದು ತಿಳಿಯಾಕಿಲ್ಲ. ನೀನೇ ಆರ್ಸು."

ಎಂಟನೇ ಕ್ಲಾಸಿನ ಸೈನ್ಸು ಎಂದು ಹೇಳಬೇಕೆಂದುಕೊಂಡೆ. ಅವಳ ಮುಖ ನೋಡಿ ಆಗಲಿ ಎಂದೆ.

ಅಂಗಡಿ

ದೋಣಿ ಸಾಮಾನಿನ ಅಂಗಡಿ ಹಗ್ಗ ಮತ್ತು ಟಾರಿನ ವಾಸನೆಯಿಂದ ತುಂಬಿತ್ತು. ಅಂಗಡಿಯವನಿಗೂ ಈ ಹಲಗೆಗಳು ಹೊಸತು. ಗುರುವಾರ ಸಂಜೆಯೊಳಗೆ ತಂದರೆ ಬೇಡವಾದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಎರಡು ಬಗೆ ತೋರಿಸಿದ.

ಎರಡರಲ್ಲೂ ಕಡುನೀಲಿ ಬಣ್ಣದ ದುಂಡು ಬಿಲ್ಲೆಗಳು ಸಾಲಾಗಿ ಕೂತಿದ್ದವು. ಒಂದಕ್ಕೆ ಮೇಲೆ ಗಾಜು, ಬಿಲ್ಲೆಗಳು ಹೆಚ್ಚು. ಇನ್ನೊಂದಕ್ಕೆ ಪ್ಲಾಸ್ಟಿಕ್ ಹೊದಿಕೆ, ಬಿಲ್ಲೆಗಳು ಕಡಿಮೆ. ಅದರ ಮೇಲೆ ನಡೆದಾಡಬಹುದು, ಅದಕ್ಕೆ ಬೇರೆ ಪೆಟ್ಟಿಗೆಯೂ ಬೇಡ, ಬ್ಯಾಟರಿ ತುಂಬುತ್ತ ಬಂದ ಹಾಗೆ ತಾನೇ ಕರೆಂಟು ಕಡಿಮೆ ಮಾಡುತ್ತದೆ ಎಂದ. ಗಾಜಿನದಕ್ಕೆ ಮಾತ್ರ ಬ್ಯಾಟರಿ ಮಿತಿಮೀರಿ ತುಂಬದಂತೆ ಕಾಯುವ ಪೆಟ್ಟಿಗೆ ಬೇಕು. ಅವ್ವ ಎರಡನ್ನೂ ಹಿತ್ತಾಳೆ ಕೊಳದಪ್ಪಲೆ ಕೊಳ್ಳುವವಳ ಹಾಗೆ ಬೆರಳಿನಿಂದ ಬಡಿದು ನೋಡಿದಳು. "ಗಾಜಿಂದು ಗಟ್ಟಿ," ಅಂದಳು.

ನನಗೂ ಗಾಜಿನದೇ ಸರಿ ಎನ್ನಿಸಿತು, ಬೇರೆ ಕಾರಣಕ್ಕೆ. ಅವ್ವನಿಗೆ ನಾಲೆಯ ಲೆಕ್ಕದಲ್ಲಿ ಹೇಳಿದೆ. ಹಲಗೆ ನಾಲೆ ಇದ್ದ ಹಾಗೆ, ಬ್ಯಾಟರಿ ಕೆರೆ. ನಾಲೆಯ ನೀರು ಕೆರೆಗಿಂತ ಎತ್ತರದಲ್ಲಿದ್ದರೆ ತಾನೇ ಒಳಕ್ಕೆ ಹರಿಯುವುದು? ಈ ಮೋಡದ ದೇಶದಲ್ಲಿ ಬಿಸಿಲು ಮಂಕಾದರೆ ಮಟ್ಟ ಇಳಿಯುತ್ತದೆ. ಬಿಲ್ಲೆ ಹೆಚ್ಚಿದ್ದಷ್ಟೂ ಮಟ್ಟ ಎತ್ತರ, ಮೋಡ ಬಂದರೂ ಹರಿವು ನಿಲ್ಲುವುದಿಲ್ಲ.

"ಕೆರೆ ತುಂಬುದ್ ಮ್ಯಾಲೂ ಅರೀತಾನೆ ಇದ್ರೆ?" ಅವ್ವ ಕೇಳಿದಳು.

"ಅದುಕ್ಕೇ ಒಬ್ಬ ನೀರುಗಂಟಿ ಬೇಕು. ಆ ಪೆಟ್ಟಿಗೆನೇ ನೀರುಗಂಟಿ. ಕೆರೆ ತುಂಬುದ್ರೆ ತೂಬು ಮುಚ್ತಾನೆ. ಕತ್ತಲಾದಾಗ ಕೆರೆ ನೀರು ನಾಲೆಗೆ ವಾಪಸು ಹೋಗದಂಗೂ ನೋಡ್ಕೋತಾನೆ."

"ನಮ್ಮೂರಿನ ನೀರುಗಂಟಿ ಅಂಗಲ್ದೆ ಇದ್ರೆ ಸಾಕು," ಅಂದಳು ಅವ್ವ. ನಮ್ಮೂರಿನವನು ತೂಬು ಮುಚ್ಚುವುದು ತನ್ನ ನೆಂಟರ ಗದ್ದೆ ತುಂಬಿದ ಮೇಲೆ.

ಆ ಪೆಟ್ಟಿಗೆಯಲ್ಲೂ ಎರಡು ಬಗೆ. ಒಂದು ಹೆಚ್ಚಾದ ಕರೆಂಟನ್ನು ತನ್ನೊಳಗೇ ಶಾಖ ಮಾಡಿ ಕಳೆಯುತ್ತದೆ, ಇನ್ನೊಂದು ಟಿಕ್ ಎಂದು ಸಂಪರ್ಕವನ್ನೇ ಕಡಿಯುತ್ತದೆ. ಅಂಗಡಿಯವನು ತುಂಬಿದ ಬ್ಯಾಟರಿಗೆ ಸೇರಿಸಿ ತೋರಿಸಿದ. ಅವ್ವ ಮೊದಲನೆಯದನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ದೋಣಿಯ ಒಳಗೆ ಮರದ ಗೂಡಿನಲ್ಲಿ ಅಷ್ಟು ಬಿಸಿ ಬೇಡವೆಂದು ಟಿಕ್ ಎನ್ನುವುದನ್ನೇ ಆರಿಸಿದೆ. ಅಂಗಡಿಯ ಹಿತ್ತಲಲ್ಲಿ, ಮೋಡದ ಅಡಿಯಲ್ಲಿ, ಎರಡೂ ಹಲಗೆಗಳನ್ನು ಮುಳ್ಳಿನ ಮೀಟರಿಗೆ ಸೇರಿಸಿ ನೋಡಿದೆವು. ಗಾಜಿನದರ ಮುಳ್ಳು ಮುಂದಿತ್ತು. ಹೋಲಿಸಿ ನೋಡಲೆಂದು ಪ್ಲಾಸ್ಟಿಕ್ಕಿನದನ್ನೂ ಜೊತೆಗೆ ತಂದೆವು. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬಂದವಳ ಹಾಗೆ ಬೀಗುತ್ತ ಮನೆಗೆ ಬಂದೆ.

ಬುಧವಾರ

ನಾವು ಕಾಫಿ ಮುಗಿಸಿ ಕಟ್ಟೆಗೆ ಬರುವಷ್ಟರಲ್ಲಿ ಅವ್ವ ಮುಂದಾಗಿ ಹೋಗಿ ಪೂಜೆ ಮುಗಿಸಿದ್ದಳು. ನಮ್ಮಲ್ಲಿ ಪಂಪ್‌ಸೆಟ್ಟು, ಹೊಲಿಗೆ ಮಿಷನ್ನು, ಯಾವುದೂ ಬೊಟ್ಟಿಲ್ಲದೆ ಶುರುವಾಗುವುದಿಲ್ಲ. ನಿಡಘಟ್ಟದ ನಮ್ಮ ಚಿಕ್ಕಪ್ಪ ಹೊಸ ರೇಡಿಯೋಗೂ ಬೊಟ್ಟಿಟ್ಟಿದ್ದಾರೆ. ದೋಣಿಯ ಕೋಣೆಯ ಸೂರಿನ ಮೇಲೆ ಹಿಂದಿನ ಸಂಜೆಯೇ ಕೂರಿಸಿದ್ದ ಗಾಜಿನ ಹಲಗೆಯ ಮೇಲಿನ ಸಾಲಿನಲ್ಲಿ, ನಟ್ಟನಡುವಿನ ದುಂಡು ಬಿಲ್ಲೆಯನ್ನೇ ಹಣೆ ಎಂದುಕೊಂಡು, ಅವ್ವ ಅದರ ತುಂಬ ಅರಿಶಿನ ಬಳಿದು ನಡುವೆ ವೈದ್ಯನಾಥಪುರದ ಕುಂಕುಮ ಇಟ್ಟಿದ್ದಳು. ವೈದ್ಯನಾಥಪುರ ಅವಳ ತವರು. ನೀಲಿಯ ನಡುವೆ ಆ ಹಳದಿ, ಕೆಂಪು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಮಾರಿಕೆ ಫೋಟೋ ತೆಗೆದಳು.

ತಂತಿ ಸೇರಿಸಿದೆವು. ಬಿಸಿಲೂ ಚೆನ್ನಾಗಿತ್ತು. ಮೀಟರಿನ ಮುಳ್ಳು ಏಳಲೇ ಇಲ್ಲ.

ತಂತಿ ಬಿಚ್ಚಿ ಮತ್ತೆ ಕಟ್ಟಿದೆವು. ಪೆಟ್ಟಿಗೆ ಬದಲಿಸಿ ತಂದೆವು. ಬ್ಯಾಟರಿಯ ಕೊನೆಗಳನ್ನು ಉಜ್ಜಿ ಹೊಳಪು ಮಾಡಿದೆವು. ಮುಳ್ಳು ಮಲಗಿದಲ್ಲೇ ಮಲಗಿತ್ತು. ಹೊತ್ತು ಇಳಿಯುವ ತನಕ ಇದೇ ಆಯಿತು. ಯಾನ್ ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲಿಂದಲೇ ನೋಡಿದ. ಮಾರಿಕೆ ಮನೆಗೆ ಬಂದು ಊಟ ಮಾಡದೆ ಮಲಗಿದಳು. ಆರಿಸಿದವಳು ನಾನು, ನನಗೆ ಅವಳ ಮುಖ ನೋಡಲು ಸಂಕೋಚವಾಯಿತು.

ಗುರುವಾರ

ಯಾನ್ ಅರ್ಧ ದಿನ ರಜೆ ಹಾಕಿ ಕಟ್ಟೆಗೆ ಬಂದ. ಗಾಜಿನದನ್ನು ವಾಪಸು ಮಾಡಿ, ಪ್ಲಾಸ್ಟಿಕ್ಕಿನದೇ ಇರಲಿ, ಅದಾದರೂ ಕೆಲಸ ಮಾಡುತ್ತದೋ ನೋಡೋಣ ಎಂದ. ಅದನ್ನು ಕಟ್ಟೆಯ ಕಲ್ಲಿಗೆ ಒರಗಿಸಿ ಮೀಟರಿಗೆ ಸೇರಿಸಿದೆವು. ಮುಳ್ಳು ಚೆನ್ನಾಗಿಯೇ ಎದ್ದು ನಿಂತಿತು.

ಅಂಕಿ ಓದಲು ಯಾನ್ ಬಗ್ಗಿದ. ಅವನ ಟೋಪಿಯ ನೆರಳು ಹಲಗೆಯ ಒಂದು ಮೂಲೆಗೆ ಬಿತ್ತು. ಮುಳ್ಳು ದೊಪ್ಪನೆ ಕೆಳಗೆ ಬಿತ್ತು. ಅವನು ಎದ್ದ, ಮುಳ್ಳೂ ಎದ್ದಿತು.

"ಇನ್ನೊಂದು ಸಲ ಬಗ್ಗಿ," ಎಂದೆ. ಯಾಕೆಂದು ಅವನಿಗೆ ಅರ್ಥವಾಗಲಿಲ್ಲ, ಆದರೂ ಬಗ್ಗಿದ. ಮತ್ತೆ ಬಿತ್ತು.

ಗಣಪತಿ ಹಬ್ಬದಲ್ಲಿ ಚಪ್ಪರಕ್ಕೆ ಕಟ್ಟುವ ಸೀರಿಯಲ್ ಲೈಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸರವೇ ಆರುತ್ತದೆ. ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುವುದು ಇದನ್ನೇ. ಹಲಗೆಯ ಬಿಲ್ಲೆಗಳೂ ಒಂದರ ಹಿಂದೊಂದು ಕೈ ಹಿಡಿದುಕೊಂಡಿವೆ. ಒಂದಕ್ಕೆ ಪೂರಾ ಬಿಸಿಲು ತಪ್ಪಿದರೆ ಎಲ್ಲದರ ದಾರಿಯೂ ಕಟ್ಟುತ್ತದೆ. ಗೌರಿಯ ಮೇಲಿನ ಹಲಗೆಯನ್ನು ನೋಡಿದೆ. ಅರಿಶಿನ ಒಣಗಿ ಇನ್ನಷ್ಟು ಗಟ್ಟಿಯಾಗಿತ್ತು.

"ಅವ್ವ, ಆ ಬೊಟ್ಟು ತೆಗೀಬೇಕು," ಎಂದೆ.

"ಇಟ್ಟ ಕುಂಕುಮ ಅಳಿಸ್ತಾರೇನೆ? ಯಾವ ಇಸ್ಕೂಲಲ್ಲಿ ಯೇಳ್ಕೊಟ್ರು ನಿಂಗೆ?" ಅವ್ವ ಹಲಗೆಗೆ ಅಡ್ಡ ನಿಂತಳು. "ಓದ್ ವರ್ಸ ಸಾಯಕ್ಕೋಗಿ ಬದುಕ್ಕೊಂಡವ್ರೆ ಇವ್ರು. ಅಂತಾ ದೋಣಿ ಮ್ಯಾಲಿಂದ ಕುಂಕುಮ ಒರ್ಸಕ್ಕೆ ನಾನು ಬುಡಾಕಿಲ್ಲ."

ವಿಜ್ಞಾನ ಹೇಳಿದೆ, ಗದರಿದೆ, ಗೋಗರೆದೆ. ಅವ್ವ ಕದಲಲಿಲ್ಲ. ಅವಳ ಭಯ ನಿಜವಾದದ್ದು, ಅದಕ್ಕೆ ನನ್ನ ಸೀರಿಯಲ್ ಲೈಟು ಉತ್ತರವಾಗಲಿಲ್ಲ.

ಆಗ ಮಾರಿಕೆ ಮುಂದೆ ಬಂದು ಅವ್ವನ ಎದುರು ತಲೆ ಬಗ್ಗಿಸಿ ನಿಂತಳು. "ಅಳಿಸ್ಬ್ಯಾಡ ಕಣವ್ವ. ಗುಡೀಲಿ ಅಮ್ಮನ ಮೈಮ್ಯಾಲಿಂದು ತಗ್ದು ನಮ್ಗೆ ಇಡ್ತಿದ್ರಲ್ಲ, ಅಂಗೆ ಗೌರಿದು ತಗ್ದು ನನ್ನ ಅಣೆಗೆ ಇಟ್ಬುಡು."

ಅವ್ವ ಹಲಗೆಯ ಮುಂದಿನಿಂದ ಸರಿದಳು. ಆಮೇಲೆ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಅರಿಶಿನ ನೆನೆಸಿ, ಬೆರಳಿನಿಂದ ಬಳಿದು ತೆಗೆದು ಮಾರಿಕೆಯ ಹಣೆಗೆ ಇಟ್ಟಳು, ನನಗೆ ಇಟ್ಟಳು. ಯಾನ್ ಕಟ್ಟೆಯಿಂದಲೇ ಬಗ್ಗಿ ಹಣೆ ಕೊಟ್ಟ. ಉಳಿದದ್ದನ್ನು ಹಲಗೆಯ ಹಿಂಬದಿಗೆ ಬಳಿದು, ಗಾಜನ್ನು ಸೆರಗಿನಿಂದ ಫಳಫಳ ಒರೆಸಿದಳು. ಮುಳ್ಳು ಎದ್ದಿತು. ಮಾರಿಕೆ ಅವ್ವನನ್ನು ತಬ್ಬಿಕೊಂಡು ಅತ್ತಳು.

ಯಾನ್ ಮಾತ್ರ ಮೇಲೆ ನೋಡುತ್ತಿದ್ದ. ಹಾಯಿಯ ಬುಡಕ್ಕೆ ಒಂದು ಅಡ್ಡಮರ ಇರುತ್ತದೆ. ಒಂದು ಬೊಟ್ಟಿಗೇ ಹೀಗಾದರೆ ಆ ಮರದ ನೆರಳಿಗೆ ಏನಾದೀತು ಎಂದು ಅವನೇ ಕೇಳಿದ. ಸೂರಿನ ಮೇಲೆ ಇದ್ದರೆ ದಿನದ ಅರ್ಧ ಹೊತ್ತು ಹಲಗೆ ನೆರಳಿನಲ್ಲೇ. ಅವನು ಕಟ್ಟೆಯ ಮೇಲೆ ನಿಂತು ಕೈ ತೋರಿಸಿದ ಹಾಗೆ ನಾವು ಹಲಗೆಯನ್ನು ಬಿಚ್ಚಿ, ದೋಣಿಯ ಹಿಂಬದಿಯ ಕಂಬಿಗೆ, ಯಾವ ಹಗ್ಗದ ನೆರಳೂ ಬೀಳದ ಜಾಗಕ್ಕೆ ಕಟ್ಟಿದೆವು. ಪ್ಲಾಸ್ಟಿಕ್ಕಿನದು ಸಂಜೆ ಅಂಗಡಿಗೆ ವಾಪಸು ಹೋಯಿತು.

ಶನಿವಾರ

ಶುಕ್ರವಾರ ಅರ್ಧ ದಿನ ತುಂತುರು ಮಳೆ. ಮುಳ್ಳು ತಗ್ಗಿದರೂ ಪೂರಾ ಮಲಗಲಿಲ್ಲ. ನೀರುಗಂಟಿ ಪೆಟ್ಟಿಗೆ ಟಿಕ್ ಎನ್ನಲೇ ಇಲ್ಲ, ಅಂದರೆ ಕೆರೆ ಇನ್ನೂ ತುಂಬಿಲ್ಲ. ಸಂಜೆ ಮಾರಿಕೆ ಕಂಬದ ದೀಪ ಹಚ್ಚಿದಳು. ಎಲ್ಲರೂ ಮನೆಗೆ ಬಂದು ಬೇಗ ಮಲಗಿದೆವು. ಯಾರಿಗಾದರೂ ನಿದ್ದೆ ಬಂತೋ ಇಲ್ಲವೋ ಗೊತ್ತಿಲ್ಲ.

ಬೆಳಗ್ಗೆ ಕಟ್ಟೆಗೆ ಹೋದರೆ ಹೊಸ ತೊಂದರೆ. ಸೂರ್ಯ ಆಗಲೇ ಮೇಲೆ ಬಂದಿದ್ದಾನೆ, ಆ ಬೆಳಕಿನಲ್ಲಿ ಕಂಬದ ತುದಿಯ ಪುಟ್ಟ ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯುವಂತಿಲ್ಲ. ಅವ್ವ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ನಾನು ನೋಡಿದೆ. ಮಾರಿಕೆ ನೋಡಲೇ ಇಲ್ಲ, ಬೆನ್ನು ತಿರುಗಿಸಿ ನಿಂತಳು. ಯಾನ್ ದುರ್ಬೀನು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿ ಕೆಳಗಿಳಿಸಿದ.

"ಉರಿಯುತ್ತಿದೆ," ಎಂದ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಹೊಸ ರಬ್ಬರ್ ಬೂಟು ಹಾಕಿಕೊಂಡು ಬಂದರು. ಯಾನ್ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿದ. ಅವರು ಗೌರಿಯನ್ನು ಒಮ್ಮೆ ನೋಡಿ, ಎಲ್ಲರ ಕೈ ಕುಲುಕಿ, ಬಂದ ದಾರಿಯಲ್ಲೇ ಹೋದರು. ಗೆದ್ದೆವು ಎಂದು ನಾನು ಅಂದುಕೊಂಡೆ. ಯಾನ್ ವಾಪಸು ಬಂದಾಗ ಅವನ ಮುಖ ಬಿಳುಚಿತ್ತು.

"ದೀಪ ಆರಿಯೇ ಆರುತ್ತದೆ ಅಂದುಕೊಂಡಿದ್ದೆ, ಅದಕ್ಕೇ ದೀಪದ ಷರತ್ತು ಹಾಕಿದೆ," ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ. ಹೆಂಡತಿಗೆ ಡಚ್ಚಿನಲ್ಲಿ ಹೇಳಲು ಆಗದ್ದನ್ನು ನನಗೆ ಹೇಳಿದ ಅನ್ನಿಸುತ್ತದೆ. "ದೀಪದ ಭಯ ಅಲ್ಲ. ನೀರಿನ ಮೇಲೆ ಕಾಲಿಡಲು ಭಯ. ಈಗ ಷರತ್ತು ಹಾಕಲು ನನ್ನ ಹತ್ತಿರ ಏನೂ ಉಳಿದಿಲ್ಲ."

ಮಾರಿಕೆಗೆ ಅದು ಕೇಳಿಸಿತು. ಬಾ ಎನ್ನಲಿಲ್ಲ, ಕೈ ಚಾಚಲಿಲ್ಲ. ದೋಣಿ ಅಲುಗದಂತೆ ಕಟ್ಟೆಯ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು. ಯಾನ್ ಶೂ ಬಿಚ್ಚಿದ. ಒಂದು ಕಾಲು ಇಟ್ಟ, ತೆಗೆದ, ಮತ್ತೆ ಇಟ್ಟ. ಆಮೇಲೆ ಇನ್ನೊಂದು ಕಾಲನ್ನೂ ಇಟ್ಟು, ಸಿಕ್ಕಿದ ಕಂಬಿಯನ್ನು ತಬ್ಬಿಕೊಂಡು ಕೂತುಬಿಟ್ಟ. ಮಾರಿಕೆ ಹಾಯಿ ಏರಿಸಿದಳು.

ನಾನೂ ಅವ್ವನೂ ಏರಿಯ ಮೇಲೆ ನಿಂತು ನೋಡಿದೆವು. ಅವರು ಹೆಚ್ಚು ದೂರ ಹೋಗಲಿಲ್ಲ, ಬಂದರಿನ ಬಾಯಿಯ ಆಚೆಗೆ ಒಂದಿಷ್ಟು. ಯಾನ್ ಕಂಬಿಯಿಂದ ಕೈ ತೆಗೆಯದೆ, ಬೆನ್ನು ಬಗ್ಗಿಸಿ ಕೂತದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು.

"ಎದ್ರುಕೊಂಡೇ ಓಯ್ತಾವ್ನೆ ಕಣೆ ಜಯಾ," ಅಂದಳು ಅವ್ವ. ಗಾಳಿಗೆ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಅಂದಳು, "ಆದ್ರೂ ಓಯ್ತಾವ್ನೆ ನೋಡು."